ಎಂಟನೆಯ ಮನೆಯಲ್ಲಿ ಕುದುರೆ

ಹೋದ ವರ್ಷ, ೧೯೫೫ರಲ್ಲಿ, ಗೋಣಿಕೊಪ್ಪಲಿನ ಒಂದು ಕಾಫಿ ಗೋದಾಮಿನ ಮಹಡಿಯಲ್ಲಿ ನನಗಾದ ಅನ್ಯಾಯವನ್ನು ಹೇಳಹೊರಟರೆ ಜನ ನಗುತ್ತಾರೆ. ಚದುರಂಗ ತಾನೇ, ಅನ್ನುತ್ತಾರೆ. ಹೌದು, ಚದುರಂಗವೇ. ಸಿಟ್ಟು ಅದಕ್ಕೇ. ಅದೃಷ್ಟಕ್ಕೆ ಜಾಗವೇ ಇಲ್ಲದ ಆಟವೊಂದರಲ್ಲಿ ತೀರ್ಪುಗಾರನ ಬಾಯಿಂದ ಸೋಲುವುದೆಂದರೆ ಏನೆಂದು ನಗುವವರಿಗೆ ಗೊತ್ತಿಲ್ಲ.

ಕೊಡಗು ಚಿಕ್ಕದಾದರೂ ಮೈಸೂರಿನ ಹಾಗೆ ತಾನೇ ಒಂದು ರಾಜ್ಯ. ಹಾಗಾಗಿ ಅಖಿಲ ಭಾರತ ಪಂದ್ಯಕ್ಕೆ ಇಲ್ಲಿಂದಲೂ ಒಬ್ಬನನ್ನು ಕಳಿಸಬಹುದು ಎಂದು ಕಾಗದ ಬಂದಿತ್ತು. ಅಲ್ಲಿ ನಡೆಯುವುದು ಅಂತರರಾಷ್ಟ್ರೀಯ ನಿಯಮದ ಆಟ. ಅದನ್ನು ನಾನು ಮೈಸೂರಿನಲ್ಲಿ ಕೊಂಡ ಹಳೆಯ ಇಂಗ್ಲಿಷ್ ಪುಸ್ತಕದಿಂದ ಕಲಿತಿದ್ದೆ. ಕುಶಾಲನಗರದ ಹತ್ತಿರದ ನಮ್ಮ ಮನೆಯಲ್ಲಿ ಎರಡು ವರ್ಷ, ಪರದೇಶದವರು ಆಡಿದ ಆಟಗಳನ್ನು ಎರಡೂ ಕಡೆಯಿಂದ ನಾನೇ ಆಡಿ ನೋಡಿದ್ದೆ. “ಸೋತ್ರೂ ನೀನೇ, ಗೆದ್ರೂ ನೀನೇ, ಇದೆಂಥ ಆಟವೋ” ಎಂದು ಅವ್ವ ಹಂಗಿಸುತ್ತಿದ್ದಳು.

ಆಯ್ಕೆಯ ಕೊನೆಯ ಆಟದಲ್ಲಿ ನನ್ನೆದುರು ಅಮ್ಮತ್ತಿಯ ನಿವೃತ್ತ ಸುಬೇದಾರರು. ಗೆದ್ದವನು ಪಂದ್ಯಕ್ಕೆ ಹೋಗುವುದು. ತೀರ್ಪುಗಾರರು ಒಬ್ಬ ವಕೀಲರು, ಸುಬೇದಾರರಿಗೆ ಭಾವ. ಮೊದಲ ನಡೆಯಲ್ಲೇ ನನ್ನ ಕಾಲಾಳು ಎರಡು ಮನೆ ಹೋದಾಗ ಯಾರೂ ತಡೆಯಲಿಲ್ಲ. ಊರ ಕಡೆಯ ಆಟದಲ್ಲಿ ಕಾಲಾಳಿಗೆ ಯಾವಾಗಲೂ ಒಂದೇ ಮನೆ; ಹಾಗಾಗಿ ಪುಸ್ತಕದ ಆಟವೇ ನಡೆಯುತ್ತಿದೆ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಸುಬೇದಾರರು ತಮ್ಮ ರಾಜನನ್ನು ಕುದುರೆಯ ಹಾಗೆ ಜಿಗಿಸಿದರು. ನಮ್ಮ ಊರುಗಳಲ್ಲಿ ಆಡುವ ನಾಟಿ ಆಟದಲ್ಲಿ ರಾಜನಿಗೆ ಒಮ್ಮೆ ಆ ಅವಕಾಶವುಂಟು, ಪುಸ್ತಕದ ಆಟದಲ್ಲಿ ಇಲ್ಲ. ನಾನು ತಡೆಯಬೇಕಿತ್ತು. ಆದರೆ ರಾಜ ಜಿಗಿದು ಕೂತ ಜಾಗ ಎಷ್ಟು ಕೆಟ್ಟದಾಗಿತ್ತೆಂದರೆ, ಆಸೆಗೆ ಸುಮ್ಮನಾದೆ.

“ಏನ್ ಮಾರಾಯ, ಬಾಯಿ ಬಿದ್ದು ಹೋಯ್ತಾ? ಚರ್ಚಾ ಸ್ಪರ್ಧೇಲಿ ಕಪ್ ತಗೊಂಡವ ಅಂತೆ ನೀನು,” ಅಂದರು ಸುಬೇದಾರರು.

“ಮಾತು ಆಮೇಲೆ, ಸುಬೇದಾರ್ರೇ. ಈಗ ನಿಮ್ಮ ರಾಜನ್ನ ನೋಡ್ಕೊಳಿ.”

ನನ್ನ ಕಾಲಾಳೊಂದು, ಆಟದ ಶುರುವಿಗೆ ಕುದುರೆ ನಿಲ್ಲುವ ಸಾಲಿನಲ್ಲೇ ಮುಂದೆ ಹೋಗಿ ಎಂಟನೆಯ ಮನೆ ಮುಟ್ಟಿತು. ಅದರ ಜಾಗದಲ್ಲಿ ಮಂತ್ರಿಯನ್ನು ಇಟ್ಟೆ. ಇನ್ನೆರಡು ನಡೆಗೆ ಆಟ ಮುಗಿಯುತ್ತಿತ್ತು. ವಕೀಲರು ಕೈ ಚಾಚಿ ಮಂತ್ರಿಯನ್ನು ಎತ್ತಿಬಿಟ್ಟರು.

“ಕುದುರೆ ಇಡು. ಕುದುರೆ ಸಾಲಲ್ಲಿ ಬಂದ ಕಾಲಾಳು ಕುದುರೆನೇ ಆಗೋದು.”

“ಅದು ನಾಟಿ ಆಟ ಸರ್. ನಾವು ಆಡ್ತಿರೋದು ಯಾವ ಪಂದ್ಯಕ್ಕೆ ಹೋಗೋಕೆ?”

“ಹೋಗೋದು ಆಮೇಲೆ. ಇವರ ರಾಜ ಜಿಗಿದಾಗ ನೋಡ್ತಾ ಕೂತಿದ್ದೆಯಲ್ಲ, ಅದು ಯಾವ ಆಟ ಅಂದ್ಕೊಂಡೆ?”

ನಾಲ್ಕು ಕಾಲೇಜುಗಳ ವೇದಿಕೆ ಹತ್ತಿದವನಿಗೆ ಉತ್ತರ ಹೊರಡಲಿಲ್ಲ. ಕುದುರೆ ಇಟ್ಟೆ. ನಾಲ್ಕು ನಡೆಯೊಳಗೆ ಸುಬೇದಾರರ ಆನೆ ಅಟ್ಟಿಸಿಕೊಂಡು ಬಂದು ಅದನ್ನು ತಿಂದಿತು, ಆಮೇಲೆ ಆಟವನ್ನೂ.

ಉತ್ತರ ಬಂದದ್ದು ವಾಪಸು ಬರುವ ಬಸ್ಸಿನಲ್ಲಿ. ನನ್ನ ಕಾಲಾಳು ಎರಡು ಮನೆ ಹೋದಾಗ ವಕೀಲರೂ ಸುಮ್ಮನೆ ಕೂತಿದ್ದರಲ್ಲ! ನನ್ನ ಮೌನ ಒಪ್ಪಿಗೆಯಾದರೆ ಅವರದ್ದೇನು? ನಿಯಮ ಯಾವುದೆಂದು ಮೊದಲೇ ಹೇಳುವುದು ತೀರ್ಪುಗಾರನ ಕೆಲಸವಲ್ಲವೇ? ಇಲ್ಲವಾದರೆ ಆ ಕುರ್ಚಿಯಲ್ಲಿ ಕೂತದ್ದು ಕಾಫಿ ಕುಡಿಯಲಿಕ್ಕೋ? ಎಲ್ಲವೂ ಸರಿಯಾದ ವಾದವೇ. ಬಸ್ಸಿನಲ್ಲಿ ಹೊಳೆದ ವಾದಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಮುಂದಿನ ಭಾನುವಾರ ಸುಬೇದಾರರು ಒಂದು ಚೀಲ ಕಿತ್ತಳೆ ಹಿಡಿದು ನಮ್ಮ ಮನೆಗೇ ಬಂದರು.

“ನಿನ್ನ ಪುಸ್ತಕದ ಆಟ ಸ್ವಲ್ಪ ಹೇಳ್ಕೊಡು ಮಾರಾಯ. ಅಲ್ಲಿ ಹೋಗಿ ತಪ್ಪು ಆಡಿದ್ರೆ ಕೊಡಗಿನ ಮರ್ಯಾದೆ ಹೋಗ್ತದೆ.”

“ಹೇಳ್ಕೊಡ್ತೀನಿ. ಮೊದ್ಲು ಆಯ್ಕೆ ಸಮಿತಿಗೆ ಒಂದು ಕಾಗದ ಬರೀರಿ, ಅವತ್ತು ಅದು ಮಂತ್ರಿನೇ ಆಗ್ಬೇಕಿತ್ತು ಅಂತ.”

ಅವರು ಟೋಪಿಯನ್ನು ಮಡಿಲಲ್ಲಿಟ್ಟು ತಿರುಗಿಸುತ್ತ ಕೂತರು. “ಮಂತ್ರಿನೇ. ನಿನ್ನ ಎದುರು ಹೇಳ್ತೇನೆ, ನಿನ್ನ ಅವ್ವನ ಎದುರು ಹೇಳ್ತೇನೆ. ಭಾವನ ಎದುರು ಹೇಗೆ ಹೇಳೋದು?”

“ಹಾಗಾದ್ರೆ ನಂಗೂ ಹೇಳ್ಕೊಡೋಕೆ ಬರಲ್ಲ.”

ಅವರು ಎದ್ದು ಹೋದರು. ಮನೆಗೆ ಬಂದ ಹಿರಿಯರಿಗೆ ಹಾಗೆ ಅಂದೆನೆಂದು ಅವ್ವ ಎರಡು ದಿನ ಮಾತು ಬಿಟ್ಟಳು. ಬಿಡಲಿ. ಸ್ವಂತ ಭಾವನಿಗೆ ಒಂದು ನಿಜ ಹೇಳಲಾಗದವರು ಇಡೀ ರಾಜ್ಯದ ಪರವಾಗಿ ಆಡಲು ಹೋದರು. ನಾನು ಮನೆಯಲ್ಲಿದ್ದೆ.