ಡೌಟಿಲ್ಲದ ಕ್ಲಾಸಿನ ಮೇಷ್ಟ್ರು

ಟೈರ್ ಅಂಗಡಿಯ ಮೇಲಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಮ್ಮ ಮೇಷ್ಟ್ರು ಒಂದೇ ಭಾಷೆ ಕಲಿಸುತ್ತ ತಲೆ ನರೆಸಿಕೊಂಡಿದ್ದರು. ಮನುಷ್ಯರ ಭಾಷೆಯಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ, ಅದೂ ಹಳೆಯದು. ಊರಿನ ಕರೆಂಟ್ ಬಿಲ್ಲು, ವಿಮೆಯ ಕಂತು, ಮುದುಕರ ಪಿಂಚಣಿ ಎಲ್ಲವೂ ಇಂದಿಗೂ ಅದರಲ್ಲೇ ಲೆಕ್ಕವಾಗುತ್ತಿದ್ದವು. ಮೇಷ್ಟ್ರು ಪಾಠ ಮಾಡಿದರೆ ಕಬ್ಬಿಣದ ಕಡಲೆಯೂ ಸುಲಿದ ಬಾಳೆಹಣ್ಣು. ಕೊನೆಗೆ "ಏನಾದ್ರೂ ಡೌಟಿದ್ಯಾ?" ಎಂದು ಕೇಳಿದರೆ ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದೊಂದೇ ಉತ್ತರ. ಆ ಮೌನವನ್ನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ಅವರು ಮನೆಗೆ ಹೋಗುತ್ತಿದ್ದರು.

ಅವರ ಹೆಂಡತಿಯ ತಮ್ಮ, ಇಂಥ ಭಾಷೆಗಳಲ್ಲಿ ಯಾವುದು ಎಷ್ಟು ಜನಪ್ರಿಯ ಎಂದು ತಿಂಗಳಿಗೊಮ್ಮೆ ಪಟ್ಟಿ ಹೊರಡಿಸುವ ಕಂಪನಿಯಲ್ಲಿದ್ದ. ಒಂದು ದಿನ ಕೇಂದ್ರದ ಯಜಮಾನ ಆ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದ. ಮೇಷ್ಟ್ರ ಭಾಷೆ ಅದರಲ್ಲಿ ಇರಲೇ ಇಲ್ಲ.

"ಪಟ್ಟೀಲಿ ಇಲ್ಲದ ಸರಕು ನನ್ನ ಅಂಗಡೀಲಿ ಯಾಕೆ ಮೇಷ್ಟ್ರೇ? ಈ ಬ್ಯಾಚ್ ಮುಗಿಯೋದ್ರೊಳಗೆ ಅದರಲ್ಲಿ ಹೆಸರು ಬರ್ಲಿಲ್ಲಾಂದ್ರೆ ಕ್ಲಾಸಿಗೆ ಬೀಗ," ಎಂದ.

ಭಾನುವಾರ ಊಟಕ್ಕೆ ಬಂದ ಭಾಮೈದನನ್ನು ಮೇಷ್ಟ್ರು ತಟ್ಟೆಯ ಮುಂದೆಯೇ ಹಿಡಿದರು.

"ಅದು ಹೇಗಯ್ಯಾ ಎಣಿಸ್ತೀರಿ ನೀವು?"

"ಎಷ್ಟು ಜನ ಬಳಸ್ತಾರೆ ಅಂತ ಯಾರಿಗ್ಗೊತ್ತು ಭಾವ? ಆಫೀಸಾಫೀಸಿಗೆ ಹೋಗಿ ಇಣುಕೋಕಾಗತ್ತಾ? ಯಾವ ಭಾಷೆ ಬಗ್ಗೆ ಇಂಟರ್ನೆಟ್ಟಲ್ಲಿ ಎಷ್ಟು ಪ್ರಶ್ನೆ ಕೇಳ್ತಾರೋ ಅದನ್ನ ಎಣಿಸ್ತೀವಿ."

"ನನ್ನ ಹುಡುಗರಿಗೆ ಅರ್ಥ ಆಗತ್ತೆ ಕಣೋ. ಅವರು ಯಾಕೆ ಕೇಳ್ತಾರೆ?"

"ಅರ್ಥ ಆಗಿದ್ದನ್ನ ತೂಗೋ ತಕ್ಕಡಿ ಇನ್ನೂ ಬಂದಿಲ್ಲ. ಅಳೋ ಮಗೂಗೇ ಹಾಲು."

"ಅಂದ್ರೆ, ಡಾಕ್ಟರ ಬಾಗಿಲ ಮುಂದೆ ಯಾರು ನಿಂತಿದ್ದಾರೆ ನೋಡಿ ಯಾವ ಬೀದಿಯೋರು ಗಟ್ಟಿಮುಟ್ಟು ಅಂತ ಹೇಳೋ ಕಸುಬು ನಿಂದು."

"ಬೇರೇದನ್ನೂ ನೋಡಿದ್ವಿ ಭಾವ. ಕೆಲಸದ ಜಾಹೀರಾತು ಎಣಿಸಿದ್ವಿ. ಯಾರೂ ಬರದ ಕೆಲಸಕ್ಕೇ ಜಾಹೀರಾತು ಜಾಸ್ತಿ. ಪುಸ್ತಕ ಎಣಿಸಿದ್ವಿ, ಕೊಂಡೋರು ಓದಲ್ಲ."

ಪುಸ್ತಕ ಬರೆಯುವ ನಮ್ಮಂಥವರು ಈ ಮಾತಿಗೆ ತಕರಾರು ತೆಗೆಯುವ ಹಾಗಿಲ್ಲ.

"ಮೊದಲು ಉಣ್ಣಿ ಇಬ್ರೂ," ಎಂದಳು ಮೇಷ್ಟ್ರ ಹೆಂಡತಿ. "ಯಾರೂ ಏನೂ ಅನ್ನದೆ ಎದ್ದು ಹೋದ್ರೆ ಅಡುಗೆ ಚೆನ್ನಾಗಿತ್ತು ಅಂತ ನಾನು ಇಷ್ಟು ವರ್ಷ ತಿಳ್ಕೊಂಡಿದ್ದೆ."

ಸೋಮವಾರದಿಂದ ಮೇಷ್ಟ್ರು ಕೆಟ್ಟದಾಗಿ ಪಾಠ ಮಾಡುವುದನ್ನು ಅಭ್ಯಾಸ ಮಾಡಿದರು. ಮೊದಮೊದಲು ನಾಲಿಗೆ ಮಾತು ಕೇಳಲಿಲ್ಲ. ತಡೆದರೂ ಅರ್ಥ ಜಾರಿ ಹೊರಬೀಳುತ್ತಿತ್ತು. ಆಮೇಲೆ ಕೈ ಕುದುರಿತು. ನಡುವಿನ ಹೆಜ್ಜೆ ನುಂಗಿದರು. ಬೋರ್ಡಿನ ಮೇಲೆ ಬರೆದದ್ದನ್ನು ಯಾರೂ ಓದಿ ಮುಗಿಸುವ ಮುನ್ನ ಒರೆಸಿದರು. "ಡೌಟಿದ್ರೆ ಇಂಟರ್ನೆಟ್ಟಲ್ಲಿ ಕೇಳಿ, ನನ್ನ ತಲೆ ತಿನ್ಬೇಡಿ" ಎಂದರು.

ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಎರಡನೇ ಪುಟದ ಮೊತ್ತಕ್ಕೆ ಮೊದಲನೇ ಪುಟದ್ದೂ ಸೇರ್ಕೊಂಡು ಬರ್ತಿದೆ. ಯಾಕೆ ಸಾರ್?"

ಪುಟ ಬದಲಾದಾಗ ಮೊತ್ತವನ್ನು ಸೊನ್ನೆ ಮಾಡಬೇಕು, ಅಷ್ಟೇ. ಉತ್ತರ ಮೇಷ್ಟ್ರ ಹಲ್ಲಿನ ಹಿಂದೆಯೇ ಕೂತಿತ್ತು.

"ಇಷ್ಟೂ ತಿಳಿಯಲ್ವೇನಮ್ಮ? ಅಂಗಡೀಲಿ ಬಟ್ಟೆ ಮಡಿಸ್ಕೊಂಡೇ ಇರಬಹುದಿತ್ತು."

ಕ್ಲಾಸು ನಕ್ಕಿತು. ಅವಳೂ ನಕ್ಕಳು, ಎಲ್ಲರೂ ನಗುವಾಗ ಒಬ್ಬಳೇ ಸುಮ್ಮನಿರುವುದು ಕಷ್ಟವೆಂದು. ಮುಂದಿನ ವಾರದಿಂದ ಅವಳ ಕುರ್ಚಿಯ ಮೇಲೆ ಉಳಿದವರು ಬ್ಯಾಗುಗಳನ್ನು ರಾಶಿ ಹಾಕತೊಡಗಿದರು.

ಪಟ್ಟಿಯಲ್ಲಿ ಭಾಷೆಯ ಹೆಸರು ಕಾಣಿಸಿಕೊಂಡಿತು, ಮರುತಿಂಗಳು ಇನ್ನಷ್ಟು ಮೇಲೇರಿತು. 'ಸತ್ತ ಭಾಷೆಗೆ ಮರುಜೀವ' ಎಂದು ಭಾಮೈದ ಲೇಖನ ಬರೆದು ಬಡ್ತಿ ಪಡೆದ. ಯಜಮಾನ ಇನ್ನೊಂದು ಬ್ಯಾಚ್ ತೆರೆದು, ಮೇಷ್ಟ್ರನ್ನು ಕರೆಸಿದ.

"ಭಾಷೆ ಮೇಲೆ ಬಂತು ಮೇಷ್ಟ್ರೇ, ನೀವು ಕೆಳಗೆ ಹೋದ್ರಿ. ಸಾರ್ ಏನೂ ಹೇಳ್ಕೊಡಲ್ಲ ಅಂತ ಹುಡುಗರದ್ದು ಒಂದೇ ಸಮ ದೂರು. ಇಷ್ಟು ಬೇಡಿಕೆ ಇರೋ ಕ್ಲಾಸನ್ನ ನಿಮ್ಮ ಕೈಲಿ ಹೇಗೆ ಕೊಡ್ಲಿ?"

ಹೆಂಡತಿ ಹೇಳಿ ಹೇಳಿ, ಭಾಮೈದನೇ ತನ್ನ ಆಫೀಸಿನಲ್ಲೊಂದು ಕುರ್ಚಿ ಕೊಡಿಸಿದ. ಯಾವ ಪ್ರಶ್ನೆ ಯಾವ ಭಾಷೆಗೆ ಸೇರಿದ್ದೆಂದು ಓದಿ ಲೆಕ್ಕಕ್ಕೆ ಹಾಕುವ ಕೆಲಸ. ಕಿಟಕಿಯಿಲ್ಲದ ಕೋಣೆ. ಹಳೆಯ ಬಾಕಿ ಪ್ರಶ್ನೆಗಳನ್ನು ವಿಂಗಡಿಸುತ್ತಿದ್ದಾಗ ಒಂದು ಕಡೆ ಅವರ ಕೈ ನಿಂತಿತು. ಎರಡನೇ ಪುಟದ ಮೊತ್ತಕ್ಕೆ ಮೊದಲನೆಯದೂ ಸೇರಿಕೊಳ್ಳುತ್ತಿದೆ, ಯಾಕೆ? ಕೆಳಗೆ ಯಾರದೂ ಉತ್ತರವಿಲ್ಲ. ಮತ್ತೆ ಕೇಳಿದ್ದಳು. ಮೂರನೆಯ ಸಲ ಬರೆದಿದ್ದಳು: "ದಯವಿಟ್ಟು ಯಾರಾದರೂ ಹೇಳಿ. ಅಂಗಡಿಗೆ ವಾಪಸ್ ಹೋಗುವುದೋ ಬೇಡವೋ ನಾಳೆ ತೀರ್ಮಾನ ಮಾಡಬೇಕು."

ಮೇಷ್ಟ್ರು ಟೈಪ್ ಮಾಡಲು ಶುರು ಮಾಡಿದರು. ಹಿಂದಿನಿಂದ ಭಾಮೈದ ಬಗ್ಗಿ ನೋಡಿದ.

"ಉತ್ತರ ಕೊಡೋ ಹಾಗಿಲ್ಲ ಭಾವ. ಎಣಿಸೋರೇ ಕೈಯಾಡಿಸಿದ್ರೆ ಲೆಕ್ಕ ಕೆಡತ್ತೆ."

"ಒಂದೇ ಸಾಲು ಕಣೋ."

"ಯಾವತ್ತಿಂದು ನೋಡಿ ಅದು. ಆ ನಾಳೆ ಮುಗಿದು ಎಷ್ಟು ಕಾಲ ಆಯ್ತು. ಎಷ್ಟು ಸಲ ಕೇಳಿದಾಳೆ?"

"ಮೂರು."

"ಹಾಗಿದ್ರೆ ಮೂರು ಹಾಕಿ."

ಮೇಷ್ಟ್ರು ಬರೆದಷ್ಟನ್ನು ಅಳಿಸಿ, ತಮ್ಮ ಭಾಷೆಯ ಮುಂದೆ ಮೂರು ಹಾಕಿದರು.