ಸಾಯಬಣ್ಣನ ಎರಡು ರೊಟ್ಟಿ

ವಾಡಿ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಚೀಲ ತೂಗುವ ಸಾಯಬಣ್ಣ ಪಥ್ಯ ಹಿಡಿದರೆ ಅದು ಊರಿಗೆಲ್ಲ ಗೊತ್ತಾಗಲೇಬೇಕು. ಹರ್ನಿಯಾ ಆಪರೇಷನ್ನಿಗೆ ಮೊದಲು ಮೈ ಇಳಿಸು, ಎರಡೇ ರೊಟ್ಟಿ ತಿನ್ನು, ತುತ್ತು ನುಣ್ಣಗಾಗುವ ತನಕ ಅಗಿ ಎಂದು ಡಾಕ್ಟರು ಹೇಳಿದ್ದೇ ತಡ, ದಿನಾ ಬೆಳಿಗ್ಗೆ ಚೀಲದ ತಕ್ಕಡಿಯ ಮೇಲೆ ತಾನೇ ಹತ್ತಿ ನಿಂತು, ಎಂಜಿನ್ನಿನ ಸಿಳ್ಳನ್ನೂ ಮೀರಿಸಿ, "ಅರ್ಧ ಚೀಲ ಸಿಮೆಂಟ್ ಇಳಿಸೀನಿ ನೋಡ್ರಿ!" ಎಂದು ಸಾರತೊಡಗಿದ. ಮದುವೆ ಊಟದಲ್ಲಿ ಹೋಳಿಗೆ ಬಡಿಸುವವರ ಕೈಯನ್ನು ಪಕ್ಕದವನ ಎಲೆಗೆ ತಿರುಗಿಸುತ್ತಾನೆ. ಚಹಾದಂಗಡಿಯ ಇಸಾಕ ಬಿಸಿ ಮಿರ್ಚಿ ಭಜಿ ಮುಂದಿಟ್ಟರೆ, "ವಾಸ್ನಿ ತಗೊಂಡೀನಿ, ಅಷ್ಟ ಸಾಕು," ಎಂದು ಎದೆ ಸೆಟೆಸಿ ಹೊರಡುತ್ತಾನೆ. ಆಪರೇಷನ್ ಆಗಿ, ಹೊಲಿಗೆ ಬಿಚ್ಚಿ, ಇನ್ನು ಹೊಟ್ಟೆ ತುಂಬ ಉಣ್ಣು ಎಂದು ಡಾಕ್ಟರೇ ಹೇಳಿದರೂ ಪಥ್ಯ ಬಿಡಲಿಲ್ಲ. "ಹಿಡದದ್ದು ಬಿಡೋ ಮನಷ್ಯಾ ಅಲ್ಲ ನಾ," ಎಂಬುದು ಅವನು ಊರಿಗೆ ಕೊಡುವ ಉತ್ತರ. ಮನೆಯೊಳಗಿನ ಸಂಗತಿ ಬೇರೆ. ಮೊದಲೆಲ್ಲ ಹೆಂಡತಿ ಅಮೃತಮ್ಮ ಬಡಿದು ಹಾಕಿದ ಬಿಸಿ ರೊಟ್ಟಿಗಳನ್ನು ಒಂದರ ಹಿಂದೊಂದು ಮುಗಿಸಿ, ಕೈ ತೊಳೆದು ಎದ್ದುಬಿಡುತ್ತಿದ್ದ. ಅವಳು ಯಾವಾಗ, ಏನು ಉಣ್ಣುತ್ತಾಳೆಂದು ನೋಡಿದವನೇ ಅಲ್ಲ. ಈಗ ಅವನಿನ್ನೂ ಎರಡನೆಯ ರೊಟ್ಟಿ ಅಗಿಯುತ್ತಿರುವಾಗಲೇ ಅವಳ ಒಲೆಯ ಕೆಲಸ ಮುಗಿದು, ಅವಳೂ ಗಂಗಾಳ ಎಳೆದುಕೊಂಡು ಎದುರಿಗೆ ಕೂರುತ್ತಾಳೆ. ಬಿಸಿ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು, ಊರ ಸುದ್ದಿ ಹೇಳುತ್ತ, ನಗುತ್ತ ಉಣ್ಣುತ್ತಾಳೆ. ನಡುವೆ, "ನಿಮ್ದು ಊಟ ಆಯ್ತೇನ್ರಿ?" ಎಂದು ಕೇಳಿದರೆ, "ನೀ ಉಣ್ಣು, ನಾ ಇನ್ನಾ ಅಗಿಲಿಕತ್ತೀನಿ," ಎನ್ನುತ್ತಾನೆ ಸಾಯಬಣ್ಣ. ಅವನ ಬಾಯಿ ಬರಿದಾಗಿ ಆಗಲೇ ಬಹಳ ಹೊತ್ತಾಗಿರುತ್ತದೆ.