ಕಡಬದಿಂದ ತಲುಪಿದ ಫೈಲು

ನಾಲ್ಕು ವರ್ಷದ ಹಿಂದೆ ನಾನು ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಸುಳ್ಯ ಮತ್ತು ಕಡಬದಲ್ಲಿ ನಮ್ಮ ಎರಡು ಲ್ಯಾಬುಗಳಿದ್ದವು. ಅಲ್ಲಿನ ಟೆಕ್ನಿಶಿಯನ್‌ಗಳು ರಕ್ತಪರೀಕ್ಷೆಯ ಫೈಲುಗಳನ್ನು ಗಂಟೆಗೊಮ್ಮೆ ಪಾಸ್‌ವರ್ಡ್ ಹಾಕಿ ಪುತ್ತೂರಿನ ಸರ್ವರಿಗೆ ಕಳುಹಿಸುತ್ತಿದ್ದರು. ಕಡಬದಲ್ಲಿ ಆ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೇಲೆಯೇ ಬರೆದಿಟ್ಟದ್ದು ನೋಡಿ ನನಗೆ ತಲೆ ಕೆಟ್ಟುಹೋಯಿತು. ಇವರ ಕೈಯಿಂದ ಈ ಕೆಲಸವನ್ನೇ ತೆಗೆದುಬಿಡುತ್ತೇನೆ ಎಂದು ಹೊರಟೆ.

ಅದಕ್ಕೆ ಎಸ್‌ಎಸ್‌ಎಚ್ ಕೀ ಎಂಬ ಜೋಡಿ ಫೈಲುಗಳಿವೆ. ಪ್ರೈವೇಟ್ ಕೀ ಕಳುಹಿಸುವ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಪಬ್ಲಿಕ್ ಕೀ ಸರ್ವರಿನಲ್ಲಿರುತ್ತದೆ. ಎರಡಕ್ಕೂ ಹೊಂದಿಕೆಯಾದರೆ ಸರ್ವರ್ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತದೆ. ಸುಳ್ಯದ್ದು ಅರ್ಧ ಗಂಟೆಯಲ್ಲಿ ಮುಗಿಯಿತು. ಕಡಬದ್ದು ಮಾತ್ರ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳಿ ಅರ್ಧ ದಿನ ಸತಾಯಿಸಿತು. ನೋಡಿದರೆ, ಸರ್ವರಿನಲ್ಲಿ ಅದರ ಕೀ ಇಟ್ಟ ಫೋಲ್ಡರನ್ನು ಯಾರು ಬೇಕಾದರೂ ತಿದ್ದಬಹುದಿತ್ತು. ಅಂಥ ಕಡೆ ಇಟ್ಟ ಕೀಯನ್ನು ಸರ್ವರ್ ನಂಬುವುದಿಲ್ಲ. ಅದನ್ನು ಬಿಗಿ ಮಾಡಿದ್ದೇ ತಡ, ಐದು ನಿಮಿಷಕ್ಕೊಮ್ಮೆ ಫೈಲುಗಳು ತಾವಾಗಿಯೇ ಬರತೊಡಗಿದವು. ನಾನು ಬೀಗಿದ್ದು ಸುಳ್ಳಲ್ಲ.

ಮೂರನೇ ವಾರದಲ್ಲಿ ಕಡಬದ ಟೈಲರ್ ರಾಮಣ್ಣ ಲ್ಯಾಬಿನಲ್ಲಿ ರಕ್ತ ಕೊಟ್ಟು ಮನೆಗೆ ಹೋದರು. ಕಿಡ್ನಿ ಕಾಯಿಲೆಯವರು. ಪೊಟ್ಯಾಸಿಯಂ 7.2 ಇತ್ತು. ಅಷ್ಟಿದ್ದರೆ ಹೃದಯ ಯಾವ ಕ್ಷಣದಲ್ಲೂ ನಿಲ್ಲಬಹುದು. ಫೈಲು 11.05ಕ್ಕೆ ಪುತ್ತೂರು ತಲುಪಿತು. ರೋಗಿಗಳ ನಡುವೆ ಇದ್ದ ಡಾಕ್ಟರು ಅದನ್ನು ತೆರೆದದ್ದು ಮೂರು ಗಂಟೆಗೆ. ಅವರು ಫೋನ್ ಮಾಡುವಷ್ಟರಲ್ಲಿ ರಾಮಣ್ಣ ಅಂಗಡಿಯಲ್ಲಿ ಕುಸಿದು ತೀರಿಕೊಂಡಿದ್ದರು.

ಇಂಥ ಸಂಖ್ಯೆ ಕಂಡರೆ ಕಡಬದ ಟೆಕ್ನಿಶಿಯನ್ ನಫೀಸಾ ಮೊದಲೆಲ್ಲ ಕೂಡಲೇ ಫೋನ್ ಮಾಡುತ್ತಿದ್ದರು ಎಂದು ಡಾಕ್ಟರು ಹೇಳಿದರು. ಮರುದಿನವೇ ಹೋಗಿ ನಫೀಸಾರ ಮೇಲೆ ರೇಗಿದೆ.

"ಕಳಿಸುವ ಮೊದಲು ನಾನು ಓಪನ್ ಮಾಡಿ ನೋಡ್ತಿದ್ದೆ ಸರ್, ಆಗ ಕಣ್ಣಿಗೆ ಬೀಳ್ತಿತ್ತು. ಇನ್ನು ಫೈಲ್ ಮುಟ್ಟುದೇ ಬೇಡ ಅಂತ ನೀವೇ ಹೇಳಿದ್ದಲ್ವಾ?" ಎಂದು ಅವರು ಅತ್ತರು.

ಹೇಳಿದ್ದೆ. ಕಳುಹಿಸುವ ನೆಪದಲ್ಲಿ ಅವರು ಪ್ರತಿ ಫೈಲನ್ನೂ ಓದುತ್ತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ನಾಚಿಕೆಯಿಂದ ಕ್ಷಮೆ ಕೇಳಿದೆ. ಅಪಾಯದ ಸಂಖ್ಯೆ ಬಂದರೆ ಎರಡೂ ಕಡೆ ಅಲಾರಾಂ ಹೊಡೆಯುವಂತೆ, ಯಾರಾದರೂ ಓದಿ ತಮ್ಮ ಹೆಸರು ಹಾಕುವ ತನಕ ಅದು ನಿಲ್ಲದಂತೆ ಅದೇ ವಾರ ಮಾಡಿದೆ. ಅಷ್ಟಾದ ಮೇಲೆಯೇ ರಾಮಣ್ಣನವರ ಮನೆಗೆ ಹೋಗುವ ಧೈರ್ಯ ಬಂದದ್ದು.

ಅವರ ಹೆಂಡತಿ ಕೇಳಿದ್ದು ಒಂದೇ. "ರಿಪೋರ್ಟ್ ಬಂದಿತ್ತಾ?"

"ಬಂದಿತ್ತಮ್ಮ. ಹನ್ನೊಂದು ಗಂಟೆಗೇ."

"ಆಗ ಅವರು ಇಲ್ಲೇ ಕೂತು ಗಂಜಿ ಉಣ್ತಾ ಇದ್ರು."

ಒಂದೇ ಒಂದು ದಿನ ನಫೀಸಾರ ಪಕ್ಕ ಕೂತು ಅವರ ಕೆಲಸ ನೋಡಿದ್ದರೆ ಸಾಕಿತ್ತು. ಈಗ ಯಾರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದಿದ್ದರೂ ಮೊದಲು ಹೋಗಿ ಅವರ ಪಕ್ಕ ಕೂರುತ್ತೇನೆ.